ರಿವಾಲ್ವರಿನ ಸಿಲಿಂಡರ್ ಕೊರೆಸುವ ಮುಂಚೆ ಇದನ್ನೊಮ್ಮೆ ಓದಿ

ಓದುಗರ ಪ್ರಶ್ನೆಗಳಿಗೆ ಶಿರಸಿಯ ಪರವಾನಗಿದಾರ ಕೋವಿ ದುರಸ್ತಿಗಾರರ ಉತ್ತರ

ಮಗ ಟೆಕ್ಸಾಸಿನಲ್ಲಿದ್ದಾನೆ, ಅಲ್ಲಿಯ ಪೌರತ್ವ ಸಿಕ್ಕಿದೆ. ಅವನ ಹತ್ತಿರ ಹಳೆಯ ರೂಗರ್ ಬ್ಲಾಕ್‌ಹಾಕ್ ಸಿಂಗಲ್ ಆಕ್ಷನ್ ರಿವಾಲ್ವರ್ ಇದೆ, .357 ಮ್ಯಾಗ್ನಮ್ (ಅಂಕಿ ಅಂದರೆ ಸುಮಾರಾಗಿ ಇಂಚಿನಲ್ಲಿ ಗುಂಡಿನ ಅಗಲ, ಮ್ಯಾಗ್ನಮ್ ಅಂದರೆ ಜೋರಿನ ತೋಟಾ). ಹಂದಿ ಬೇಟೆಗೆ ಅದನ್ನೇ .44 ಮ್ಯಾಗ್ನಮ್ ಮಾಡಿಸ್ತಾನಂತೆ. ಸಿಲಿಂಡರ್ ಕೊರೆದು ನಳಿಗೆ ಬದಲಿಸಿದರೆ ಆಯ್ತು ಅಂತಾನೆ. ಊರಿಗೆ ಬಂದಾಗ ನಮ್ಮ ಲೇತ್ ಅಂಗಡಿಯವರೂ ಹಾಗೇ ಹೇಳಿದರು. ಮಾಡಿಸಬಹುದಾ? (ಸಿದ್ದಾಪುರದ ಓದುಗರು)

ಬೇಡ ಅಂತ ಹೇಳಿ, ತಾಯಿ. ಇವತ್ತೇ ಫೋನ್ ಮಾಡಿ ಹೇಳಿ.

ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: ತೂತು ದೊಡ್ಡದಾದರೆ ದೊಡ್ಡ ತೋಟಾ ಕೂರುತ್ತದೆ, ಕೂತರೆ ಹಾರುತ್ತದೆ. ಕೂರುವುದು ಬೇರೆ, ತಡೆಯುವುದು ಬೇರೆ.

ತೋಟಾ ತುಂಬುವ, ತಿರುಗುವ ಆ ಸಿಲಿಂಡರನ್ನು ಕೈಯಲ್ಲಿ ಹಿಡಿದು ಹೊರಮೈ ನೋಡಿ. ಸುತ್ತಲೂ ಆರು ಸಣ್ಣ ಕಚ್ಚುಗಳು ಕಾಣುತ್ತವೆ. ಗುಂಡು ಹಾರುವಾಗ ಸಿಲಿಂಡರ್ ಅಲುಗಾಡದಂತೆ ಕೆಳಗಿನಿಂದ ಒಂದು ಸಣ್ಣ ಚಿಲಕ ಬಂದು ಆ ಕಚ್ಚಿನಲ್ಲಿ ಕೂರುತ್ತದೆ. ಆರು ಚೇಂಬರ್ (ತೋಟಾ ಕೂರುವ ತೂತು) ಇದ್ದಾಗ, ಮೇಲೊಂದು ನಳಿಗೆಗೆ ನೇರವಾಗಿ ನಿಂತರೆ, ಅದರ ಕೆಳಗೆ ಇನ್ನೊಂದು ಇರಲೇಬೇಕು. ಹಾಗಾಗಿ ಕಚ್ಚು ಬೀಳುವುದು ಚೇಂಬರಿನ ಬೆನ್ನ ಮೇಲೆ. ಗೋಡೆ ಮೊದಲೇ ಎಲ್ಲಿ ತೆಳ್ಳಗಿದೆಯೋ ಅಲ್ಲೇ ಇನ್ನಷ್ಟು ಉಕ್ಕು ತೆಗೆದಿರುತ್ತಾರೆ. ಈಗ .357ರ ಚೇಂಬರನ್ನು .44ಕ್ಕೆ ಕೊರೆದರೆ ಪ್ರತಿ ಬದಿಯಲ್ಲೂ ಸುಮಾರು ಒಂದು ಮಿಲಿಮೀಟರ್ ಉಕ್ಕು ಹೋಗುತ್ತದೆ. ಆ ಕಚ್ಚಿನ ತಳದಲ್ಲಿ ಉಳಿಯುವುದೆಷ್ಟು, ನೀವೇ ಯೋಚಿಸಿ.

'ಎರಡೂ ಮ್ಯಾಗ್ನಮ್ಮೇ ಅಲ್ವಾ, ಒತ್ತಡ ಹೆಚ್ಚುಕಮ್ಮಿ ಒಂದೇ' ಅಂತ ಓದಿಕೊಂಡವರು ವಾದಿಸುತ್ತಾರೆ. ಹೌದು, .357ಕ್ಕೆ ಚದರ ಇಂಚಿಗೆ 35,000 ಪೌಂಡ್, .44ಕ್ಕೆ 36,000. ಆದರೆ ಅದೇ ಒತ್ತಡ ಈಗ ಅಗಲವಾದ ಚೇಂಬರಿನಲ್ಲಿ, ತೆಳುವಾದ ಗೋಡೆಯ ಮೇಲೆ ಬೀಳುತ್ತದೆ. ಅದೇ ಅಂಕಿ ಅಂತ ಅದೇ ಭಾರ ಅಲ್ಲ.

ಇದನ್ನು ಕಾರ್ಖಾನೆಯವರೇ ಮಾಡಿ ನೋಡಿದ್ದಾರೆ. ಬ್ಲಾಕ್‌ಹಾಕ್ 1955ರಲ್ಲಿ .357ಕ್ಕೆಂದು ಬಂತು. ಮುಂದೆ .44 ಮ್ಯಾಗ್ನಮ್ ಮಾಡಲು ಹೊರಟಾಗ ರೂಗರ್‌ನವರು ಮೊದಲು ಆ ಚಿಕ್ಕ ಫ್ರೇಮಿನಲ್ಲೇ (ರಿವಾಲ್ವರಿನ ಚೌಕಟ್ಟಿನಲ್ಲೇ) ಪ್ರಯತ್ನಿಸಿದರು. ಪರೀಕ್ಷೆಯಲ್ಲಿ ಒಂದು ರಿವಾಲ್ವರ್ ಸಿಡಿಯಿತು. ಆಮೇಲೆ ಫ್ರೇಮನ್ನೂ ಸಿಲಿಂಡರನ್ನೂ ದೊಡ್ಡದು ಮಾಡಿ 1956ರಲ್ಲಿ ಮಾರಾಟಕ್ಕೆ ಬಿಟ್ಟರು. ಉಕ್ಕಿನ ಗುಣ, ಹದ ಹಾಕಿದ ರೀತಿ ಎಲ್ಲ ಗೊತ್ತಿದ್ದವರಿಗೇ ಆಗಲಿಲ್ಲ. ಅದೇ ಕೆಲಸವನ್ನು ಪಂಪಿನ ಶಾಫ್ಟ್ ತಿರುಗಿಸುವ ಲೇತಿನಲ್ಲಿ ಮಾಡಿಕೊಡ್ತೀನಿ ಅನ್ನುವವರ ಧೈರ್ಯ ನೋಡಿದರೆ ನನಗೆ ಮೈ ಉರಿಯುತ್ತದೆ. ಸಿಡಿದಾಗ ಹೋಗುವುದು ಅವರ ಬೆರಳಲ್ಲ.

'ಹಾಗಾದ್ರೆ ಡಿಕ್ ಕಸುಲ್ ಹೇಗೆ ಮಾಡಿದ?' ಅಂತ ಇನ್ನೊಬ್ಬರು ಕೇಳಿದ್ದಾರೆ. ಅವನು ಅಮೆರಿಕದ ಕೋವಿ ತಯಾರಕ, 1950ರ ದಶಕದಲ್ಲಿ .45 ಕೋಲ್ಟ್ ತೋಟಾವನ್ನು ಜೋರು ಮಾಡಲು ಹೊರಟವನು. ಹಳೆಯ ಸಿಲಿಂಡರನ್ನು ಕೊರೆದು ಗೆದ್ದವನಲ್ಲ. ಬೇರೆ ಉಕ್ಕಿನಲ್ಲಿ ಐದು ಚೇಂಬರಿನ ಹೊಸ ಸಿಲಿಂಡರನ್ನೇ ಮಾಡಿದ. ಐದು ಯಾಕೆ? ಮೇಲೊಂದು ಚೇಂಬರ್ ನಿಂತಾಗ ಕೆಳಗೆ ಎರಡು ಚೇಂಬರುಗಳ ನಡುವಿನ ಗಟ್ಟಿ ಉಕ್ಕು ಬರುತ್ತದೆ, ಕಚ್ಚು ಅಲ್ಲಿ ಬೀಳುತ್ತದೆ. ಅವನ ಹೆಸರಿನ ತೋಟಾ .454 ಕಸುಲ್‌ನ ಒತ್ತಡ 65,000. ಹಳೆಯ .45 ಕೋಲ್ಟಿನದು 14,000. ಅದಕ್ಕಾಗಿಯೇ ಕಟ್ಟಿದ ರಿವಾಲ್ವರ್ ಕಾರ್ಖಾನೆಯಿಂದ ಬಂದದ್ದು 1983ರಲ್ಲಿ. ಅಷ್ಟು ವರ್ಷದ ಕೆಲಸ ಅದು.

ಒಂದು ಉಪಾಯವನ್ನಂತೂ ಯಾರೂ ಗಮನಿಸುವುದಿಲ್ಲ. .38 ಸ್ಪೆಷಲ್‌ಗಿಂತ .357ರ ತೋಟಾ ಮೂರು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ. .44 ಸ್ಪೆಷಲ್‌ಗಿಂತ .44 ಮ್ಯಾಗ್ನಮ್ಮೂ ಅಷ್ಟೇ ಉದ್ದ. ಜೋರಿನ ತೋಟಾ ಹಳೆಯ, ಕಮ್ಮಿ ಶಕ್ತಿಯ ರಿವಾಲ್ವರಿನಲ್ಲಿ ಕೂರದಿರಲಿ ಅಂತ ಬೇಕೆಂದೇ ಹಾಕಿದ ಬೇಲಿ ಅದು. .38ರ ಒತ್ತಡ 17,000, .357ರದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಚೇಂಬರನ್ನು ಚೂರು ಉದ್ದ ಮಾಡಿಕೊಡಿ ಅನ್ನುವವರು ಆ ಬೇಲಿಯನ್ನೇ ಕಿತ್ತು ಹಾಕಿ ಅಂತಾರೆ.

'ಹತ್ತು ಈಡು ಹೊಡೆದೆ, ಏನೂ ಆಗಲಿಲ್ಲ' ಎಂಬ ಮಾತನ್ನು ನಂಬಬೇಡಿ. ಉಕ್ಕು ಒಂದೇ ಸಲಕ್ಕೆ ಹೇಳುವುದಿಲ್ಲ. ಪ್ರತಿ ಈಡಿಗೂ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಬಿರುಕು ಒಳಗಿನಿಂದ ಬೆಳೆಯುತ್ತದೆ. ಖಾಲಿ ತೋಟಾ ಹೊರಗೆ ಬರದೆ ಕಚ್ಚಿಕೊಂಡರೆ ಅದು ಎಚ್ಚರಿಕೆ. ಎಷ್ಟೋ ಸಲ ಆ ಎಚ್ಚರಿಕೆಯೂ ಸಿಗುವುದಿಲ್ಲ. 'ಮದ್ದು ಕಮ್ಮಿ ಹಾಕಿಕೊಳ್ತೀನಿ' ಅನ್ನುವುದೂ ಬೇಡ. ನಾಳೆ ಅದೇ ರಿವಾಲ್ವರ್ ತಮ್ಮನ ಕೈಗೋ ಕೊಂಡವನ ಕೈಗೋ ಹೋಗುತ್ತದೆ. ಅವನು ಅಂಗಡಿಯ ಪೂರ್ತಿ ಜೋರಿನ ತೋಟಾವನ್ನೇ ಹಾಕುತ್ತಾನೆ.

ಮಗನಿಗೆ .44 ಬೇಕೇ ಬೇಕು ಅಂದರೆ ಸೂಪರ್ ಬ್ಲಾಕ್‌ಹಾಕ್ 1959ರಿಂದ ಅದಕ್ಕೆಂದೇ ಬರುತ್ತಿದೆ, ಅದನ್ನು ಕೊಳ್ಳಲಿ. ಇರುವುದನ್ನು ಮಾರಿದರೆ ಖರ್ಚಿನ ಒಂದು ಭಾಗ ವಾಪಸ್ ಬರುತ್ತದೆ, ಕೊರೆಸಿದ ಮೇಲೆ ಅದೂ ಇಲ್ಲ. ಇನ್ನೊಂದು ಮಾತನ್ನು ಮರೆಯದೆ ತಿಳಿಸಿ: ಫ್ರೇಮಿನ ಪಕ್ಕದಲ್ಲಿ ಮೂರು ಸ್ಕ್ರೂ ಇದ್ದರೆ ಅದು 1973ಕ್ಕಿಂತ ಹಿಂದಿನ ಮಾದರಿ. ಕೆಳಗೆ ಬಿದ್ದರೆ ತಾನಾಗಿ ಹಾರಬಹುದು. ಐದೇ ತೋಟಾ ಹಾಕಿ, ಕುದುರೆಯ (ತೋಟಾಕ್ಕೆ ಬಡಿಯುವ ಸುತ್ತಿಗೆಯ) ಕೆಳಗಿನ ಚೇಂಬರ್ ಖಾಲಿ ಬಿಡಬೇಕು. ಕಂಪನಿಯವರು ಸುರಕ್ಷತೆಯ ಭಾಗವನ್ನು ಪುಕ್ಕಟೆ ಹಾಕಿಕೊಡುತ್ತಾರೆ. ಕೊರೆಸುವುದನ್ನು ಬಿಟ್ಟು ಮೊದಲು ಅದಕ್ಕೆ ಕಳಿಸಲಿ.

ಲೈಸೆನ್ಸಿನ .32 ರಿವಾಲ್ವರನ್ನು ದೊಡ್ಡ ಬೋರಿಗೆ ಮಾಡಿಕೊಡ್ತೀರಾ? (ಯಲ್ಲಾಪುರ)

ಇಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬದಲಾಯಿಸುವುದು ಅಪರಾಧ. ನಿಮ್ಮ ಲೈಸೆನ್ಸಿನಲ್ಲಿ ಬರೆದಿರುವ ಬೋರಿಗಷ್ಟೇ ಅನುಮತಿ. ಮತ್ತೆ ಕೇಳಬೇಡಿ.

ತೋಟದ ಹಂದಿಗೆ ಯಾವ ರಿವಾಲ್ವರ್ ಒಳ್ಳೆಯದು? (ಶಿರಸಿ)

ಯಾವುದೂ ಅಲ್ಲ. ಬೇಟೆಯ ಮೇಲೆ 1972ರ ವನ್ಯಜೀವಿ ಕಾಯ್ದೆ ಇದೆ. ಅಡಿಕೆ ಸಸಿ ಕಿತ್ತು ಹಾಕಿದ್ದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಬೆಳೆಹಾನಿ ಅರ್ಜಿ ಕೊಡಿ.

ಕೇಪಿನ ಕೋವಿಗೆ ತೋಟಾದೊಳಗಿನ ಮದ್ದು ಬಿಡಿಸಿ ತುಂಬಬಹುದಾ? (ಕುಮಟಾ)

ಖಂಡಿತ ಬೇಡ. ಆ ನಳಿಗೆ ಕರಿಮದ್ದಿಗೆ ಮಾಡಿದ್ದು. ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ನಿಮ್ಮ ಎಡಗೈಯಲ್ಲೇ ಸೀಳುತ್ತದೆ.

ಕಾರವಾರದ ಉಪ್ಪುಗಾಳಿಗೆ ರಿವಾಲ್ವರ್ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಸಾಕಾ? (ಕಾರವಾರ)

ಸಾಲದು. ಚಳಿಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಕೋವಿ ಎಣ್ಣೆಯನ್ನೇ ತೆಳ್ಳಗೆ ಸವರಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹೀರಿಕೊಂಡು ಉಕ್ಕಿಗೇ ಕೊಡುತ್ತದೆ. ಹತ್ತಿಬಟ್ಟೆಯೂ ಬೇಡ. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು, ಖಾಲಿ ಇದೆಯಾ ನೋಡಿ, ಒರೆಸಿ ಮತ್ತೆ ಎಣ್ಣೆ ಹಚ್ಚಿ.