ಲ್ಯಾಬ್ ಪಾಸು, ಮುಧೋಳ ಫೇಲಾ?

ಪ್ರಶ್ನೆ: ಲ್ಯಾಬ್ರಡಾರ್ (ಲ್ಯಾಬ್), ಮುಧೋಳ ಎರಡೂ ನಾಯಿಗಳನ್ನು ತರಬೇತಿಗೆ ಸೇರಿಸಿ 6 ವಾರ ಆಯಿತು. ಲ್ಯಾಬ್ ‘ಕೂತ್ಕೋ’ ಅಂದರೆ ಕೂರುತ್ತದೆ. ಮುಧೋಳ ಮುಖ ತಿರುಗಿಸಿಕೊಂಡು ಎಲ್ಲೋ ನೋಡುತ್ತದೆ. ಇದಕ್ಕೆ ಬುದ್ಧಿ ಕಡಿಮೆಯಾ?

ಉತ್ತರ: ಬುದ್ಧಿ ಅಲ್ಲ, ಹೊಟ್ಟೆಬಾಕತನ ಕಡಿಮೆ ಅಷ್ಟೇ! ಲ್ಯಾಬ್ ಒಂದು ಬಿಸ್ಕತ್ತಿಗೆ ಏನು ಬೇಕಾದರೂ ಮಾಡುತ್ತದೆ, ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕಚ್ಚಿ ತಂದು ಕೊಡಲೆಂದೇ ಬೆಳೆಸಿದ ತಳಿ ಅದು, ಯಜಮಾನನ ಮುಖ ನೋಡುವುದು ರಕ್ತದಲ್ಲೇ ಇದೆ. ಮುಧೋಳ ಹಾಗಲ್ಲ. ಮೊಲ ಕಣ್ಣಿಗೆ ಬಿದ್ದರೆ ಯಾರನ್ನೂ ಕೇಳದೆ ಓಡುವ ನಾಯಿ. ಪಾಠ 5 ನಿಮಿಷಕ್ಕಿಂತ ಜಾಸ್ತಿ ಬೇಡ, ಬಿಸ್ಕತ್ತಿನ ಬದಲು ಬೇಯಿಸಿದ ಕೋಳಿ ತುಂಡು ಕೊಟ್ಟು ನೋಡಿ. ಸುಮ್ನೆ ಗದರಬೇಡಿ, ಮುದುಡಿಕೊಳ್ಳುತ್ತದೆ. (ನಮ್ಮನೆಯದು ‘ಬಾ’ ಕಲಿಯಲು 4 ತಿಂಗಳು ತೆಗೆದುಕೊಂಡಿತ್ತು!) ಬೇಲಿಯಿಲ್ಲದ ಬಯಲಲ್ಲಿ ಮಾತ್ರ ಹಗ್ಗ ಬಿಚ್ಚಲೇಬೇಡಿ, ಎಷ್ಟೇ ಕಲಿತಿರಲಿ.