ಹಂಗು ಬೇಡವೆಂದ ಅಮ್ಮ, ಪ್ರಶ್ನೆ ಕೇಳದ ಮಗ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಆ ತಾಯಿ ಕುರ್ಚಿಯ ಅಂಚಿನಲ್ಲಿ ಕುಳಿತು ಮೊದಲು ಕೇಳಿದ್ದು ನನ್ನ ಶುಲ್ಕ ಎಷ್ಟೆಂದು. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟ ನಂತರವೇ ಮಾತು ಆರಂಭಿಸಿದರು. ಅವರನ್ನು ಗಂಗಮ್ಮ ಎನ್ನೋಣ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮಗ, ಮಂಜು, ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ಅಂಕ ಪಡೆದು ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದವನು. ಅವನು ಮೂರು ವಾರಗಳಿಂದ ತರಗತಿಗೆ ಹೋಗಿಲ್ಲ ಎಂದು ಕಾಲೇಜಿನಿಂದ ಕರೆ ಬಂದಿತ್ತು. ಆದರೆ ಹುಡುಗ ದಿನವೂ ಏಳೂವರೆಯ ಬಸ್ ಹತ್ತುತ್ತಿದ್ದ, ಸಂಜೆ ಅದೇ ಬಸ್ಸಿನಲ್ಲಿ ಇಳಿಯುತ್ತಿದ್ದ.

“ಸುಳ್ಳು ಹೇಳುವುದನ್ನು ನಾನು ಕಲಿಸಿಲ್ಲ ಮೇಡಂ. ನನ್ನ ಬೆಳೆಸುವಿಕೆಯಲ್ಲಿ ಎಲ್ಲಿ ತಪ್ಪಾಯಿತು?”

ಮೊಬೈಲ್ ಗೀಳು ಅಥವಾ ಪ್ರೀತಿ ಪ್ರೇಮದ ಸಂಗತಿ ಇರಬೇಕೆಂದು ನಾನು ಊಹಿಸಿದ್ದೆ. ಎರಡೂ ಸುಳ್ಳಾಯಿತು. ಮಂಜು ಹಗಲೆಲ್ಲ ಗ್ರಂಥಾಲಯದಲ್ಲಿ ದಿನಪತ್ರಿಕೆ ಓದುತ್ತ ಕುಳಿತಿರುತ್ತಿದ್ದ. ನಿದ್ದೆ, ಊಟ ಕೆಟ್ಟಿದೆಯೇ, ಬದುಕು ಬೇಡವೆನ್ನಿಸುವ ಯೋಚನೆ ಬರುತ್ತದೆಯೇ ಎಂಬುದನ್ನೆಲ್ಲ ನೇರವಾಗಿಯೇ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವನ ಪುಸ್ತಕದಲ್ಲಿ ಬರೆಸಿದೆ. ಹದಿಹರೆಯದವರು ಯಾರೇ ಬಂದರೂ ಅದನ್ನು ಬರೆಸದೆ ಕಳುಹಿಸುವುದಿಲ್ಲ.

ಮತ್ತೆ ಏನಾಗಿತ್ತು? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ವೇಗೋತ್ಕರ್ಷ, ಸಂವೇಗ, ಜಡತ್ವ ಇವನ್ನು ನನಗೇ ಪಾಠ ಮಾಡುವಷ್ಟು ಚೆನ್ನಾಗಿ ಬಲ್ಲ. ಕಾಲೇಜಿನಲ್ಲಿ ಉಪನ್ಯಾಸಕರು ‘ಆಕ್ಸಲರೇಷನ್’ ಎಂದಾಗ ಅದು ತನಗೆ ಗೊತ್ತಿರುವ ವೇಗೋತ್ಕರ್ಷವೇ ಎಂದು ತಿಳಿಯುವುದಕ್ಕೆ ಅವನಿಗೆ ಎರಡು ವಾರ ಬೇಕಾಯಿತು. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬಂದ ಮಕ್ಕಳಲ್ಲಿ ಇದನ್ನು ಪ್ರತಿ ವರ್ಷ ನೋಡುತ್ತೇನೆ. ದಡ್ಡರೆಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಬಂದಿರುತ್ತಾರೆ. ಮಂಜುವಿನ ತೊಡಕು ಇನ್ನೂ ಒಂದಿತ್ತು. ಪಕ್ಕದ ಹುಡುಗನನ್ನಾಗಲಿ ಮೇಷ್ಟರನ್ನಾಗಲಿ ಅವನು ಒಂದು ಸಲವೂ ಕೇಳಿರಲಿಲ್ಲ.

“ಏಕೆ ಕೇಳಲಿಲ್ಲ?” ಎಂದೆ.

“ಯಾರ ಹಂಗಿನಲ್ಲೂ ಇರಬಾರದು, ಮೇಡಂ.”

ಹದಿನಾರರ ಹುಡುಗನ ಬಾಯಲ್ಲಿ ಬಂದರೂ ಆ ಮಾತು ಅವನದಲ್ಲ ಎಂದು ಕೇಳಿದೊಡನೆ ಗೊತ್ತಾಯಿತು. ಎರಡನೆಯ ಭೇಟಿಯಲ್ಲಿ ಅವನೇ ಒಂದು ಘಟನೆ ಹೇಳಿದ. ಎಂಟನೆಯ ತರಗತಿಯಲ್ಲಿದ್ದಾಗ, ಮೊಟ್ಟೆ ಕೊಡುವ ದಿನ, ಗೈರುಹಾಜರಾದ ಮಗುವಿನ ಪಾಲಿನ ಒಂದು ಮೊಟ್ಟೆ ಉಳಿದಿತ್ತು. ಅಮ್ಮನ ಜೊತೆಗೆ ಅಡುಗೆ ಮಾಡುತ್ತಿದ್ದವರು ಅದನ್ನು ಪ್ರೀತಿಯಿಂದ ಇವನ ತಟ್ಟೆಗೆ ಹಾಕಿದರು. ಗಂಗಮ್ಮ ಸಾಲಿನಲ್ಲಿ ಕುಳಿತ ಎಲ್ಲರ ಎದುರಿಗೇ ಅದನ್ನು ಎತ್ತಿಸಿ, ಮುಖ್ಯ ಶಿಕ್ಷಕರ ಬಳಿ ಅವನ ಕೈಯಿಂದಲೇ ವಾಪಸ್ ಕೊಡಿಸಿದರು. “ನಾನು ಕೇಳಿರಲೇ ಇಲ್ಲ,” ಎಂದ ಮಂಜು. ಅಮ್ಮನ ಮೇಲೆ ಸಿಟ್ಟಿದೆಯೇ ಎಂದರೆ, “ಇಲ್ಲ, ಅಮ್ಮ ಮಾಡಿದ್ದು ಸರಿ,” ಎನ್ನುತ್ತಾನೆ. ನನಗೂ ಅದು ಬಹುಪಾಲು ಸರಿಯೆಂದೇ ಅನ್ನಿಸುತ್ತದೆ. ಅಡುಗೆಮನೆಯ ಕೀಲಿ ಕೈಯಲ್ಲಿರುವವರು ತಮ್ಮ ಮಗನ ತಟ್ಟೆಯಲ್ಲಿ ಒಂದು ಮೊಟ್ಟೆ ಹೆಚ್ಚು ಬೀಳದಂತೆ ನೋಡಿಕೊಳ್ಳುವುದು ಸಣ್ಣ ಮಾತಲ್ಲ. 571 ಅಂಕಗಳ ಹಿಂದೆ ಇದೇ ಕಟ್ಟುನಿಟ್ಟು ಇತ್ತು. ನಕಲು ಮಾಡಿದವನಲ್ಲ, ಹೋಂವರ್ಕ್ ತಪ್ಪಿಸಿದವನಲ್ಲ. ಆದರೆ ಮಕ್ಕಳು ನಮ್ಮ ಮಾತನ್ನು ನಾವು ಅಳೆದುಕೊಟ್ಟಷ್ಟೇ ತೆಗೆದುಕೊಳ್ಳುವುದಿಲ್ಲ. ‘ಪಾಲಿಗಿಂತ ಹೆಚ್ಚು ತೆಗೆದುಕೊಳ್ಳಬೇಡ’ ಎಂದು ತಾಯಿ ಹೇಳಿದ್ದು ಮಗನೊಳಗೆ ‘ಏನನ್ನೂ ಕೇಳಬೇಡ’ ಎಂದು ಬೆಳೆದಿತ್ತು.

ಗಂಗಮ್ಮನವರು ಒಬ್ಬರೇ ಇದ್ದಾಗ ಮಗಳ ಓದಿನ ಖರ್ಚಿನ ವಿಷಯ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು ತಗ್ಗಿದ ದನಿಯಲ್ಲಿ, ಸಂಘದಲ್ಲಿ ಎರಡು ಸಲ ಸಾಲ ತೆಗೆದು ತೀರಿಸಿದೆ ಎಂದರು. ಮಕ್ಕಳಿಗೆ ಇಂದಿಗೂ ಹೇಳಿಲ್ಲವಂತೆ.

“ಅದು ಹಂಗಾಗಲಿಲ್ಲವೇ?” ಎಂದೆ.

ಅವರಿಗೆ ಸಿಟ್ಟೇ ಬಂತು. “ಅದು ಹೇಗೆ ಹಂಗಾಗುತ್ತದೆ ಮೇಡಂ? ವಾರ ವಾರ ನಾನೂ ಕಟ್ಟುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.”

“ತರಗತಿಯಲ್ಲಿ ಮಂಜುವಿನ ಪಾಲಿಲ್ಲವೇ?”

ಅವರು ಬಹಳ ಹೊತ್ತು ಮಾತನಾಡಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ದೊಡ್ಡದೇನೂ ಇರಲಿಲ್ಲ. ಸಂಘದ ಸಾಲದ ಕಥೆಯನ್ನು ಪಾಸ್‌ಬುಕ್ ತೋರಿಸಿಯೇ ಮಗನಿಗೆ ಹೇಳಿ ಎಂದೆ: ಮೊದಲ ಸಲ ಕೇಳುವಾಗ ನಾಲಿಗೆ ಹೇಗೆ ತೊದಲಿತು, ಕಂತು ತಪ್ಪುವಂತಾದಾಗ ಯಾರಿಗೆ ಏನೆಂದು ಹೇಳಿದಿರಿ, ಎಲ್ಲವನ್ನೂ. ಸುಳ್ಳಿಗೆ ಬೈಯುವುದನ್ನು ಬಿಟ್ಟು, ಪ್ರಾಂಶುಪಾಲರ ಬಳಿ ಅವನೇ ಹೋಗಿ ನಡೆದದ್ದನ್ನು ಹೇಳಲಿ. ನೀವು ಬಾಗಿಲಿನವರೆಗೆ ಮಾತ್ರ ಹೋಗಿ ಎಂದೆ. 75 ಶೇಕಡಾ ಹಾಜರಾತಿಯ ಲೆಕ್ಕ ಇದ್ದುದರಿಂದ ತಡಮಾಡುವಂತಿರಲಿಲ್ಲ. ಅಕ್ಕನ ಹೆಸರನ್ನು ಮಾದರಿಯಾಗಿ ಎತ್ತಬೇಡಿ ಎಂದೂ ಹೇಳಿದೆ. ಅಕ್ಕ ಓದಿದ್ದು ಬೇರೆ ಕೋರ್ಸು, ಅವಳ ಕಷ್ಟ ಬೇರೆ.

ಮಂಜುವಿಗೆ ಕೊಟ್ಟದ್ದು ಒಂದು ನೋಟ್‌ಬುಕ್. ಎಡಕ್ಕೆ ಕನ್ನಡ ಪದ, ಬಲಕ್ಕೆ ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದ. ದಿನಕ್ಕೆ ಒಂದೇ ಪ್ರಶ್ನೆ. ಮೊದಲ ವಾರ ಅದು “ಸರ್, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?” ಎಂಬಷ್ಟೇ ಇದ್ದರೂ ಸಾಕು. ತಿಂಗಳೊಳಗೆ ಅದೇ ಪುಟಗಳನ್ನು ಇನ್ನಿಬ್ಬರು ಹುಡುಗರು ನಕಲು ಬರೆದುಕೊಂಡರು. ಈಗ ಕೇಳಿಸಿಕೊಳ್ಳುವ ಸರದಿ ಇವನದಾಯಿತು.

ಇನ್ನೊಂದು ಮಾತು. ತಂದೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ, ಕೆಲವು ತಿಂಗಳು ಹಣ ಕಳುಹಿಸುತ್ತಾರೆ, ಕೆಲವು ತಿಂಗಳು ಇಲ್ಲ. ನಾಲ್ಕು ಭೇಟಿಗಳಲ್ಲಿ ಅವರ ಬೆಳೆಸುವಿಕೆಯಲ್ಲಿ ತಪ್ಪಾಯಿತೇ ಎಂದು ಯಾರೂ ಕೇಳಲಿಲ್ಲ, ನನ್ನನ್ನೂ ಸೇರಿಸಿ. ಮಗ ಗೆದ್ದರೆ ತಾಯಿಯ ಸಂಸ್ಕಾರ, ಎಡವಿದರೂ ತಾಯಿಯದೇ ಸಂಸ್ಕಾರ ಎನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಐದನೆಯ ಭೇಟಿಗೆ ಅವರನ್ನು ಫೋನಿನಲ್ಲಿ ಕರೆದೆ. ಅವರು ಹೆಚ್ಚು ಮಾತನಾಡಲಿಲ್ಲ, ಆದರೆ ಕರೆ ಕತ್ತರಿಸಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಮಂಜು ಭೌತವಿಜ್ಞಾನದಲ್ಲಿ 41 ತೆಗೆದ, ಗಣಿತದಲ್ಲಿ 68. ರಸಾಯನವಿಜ್ಞಾನ ಇನ್ನೂ ಕಾಡುತ್ತಿದೆ. ಕಳೆದ ವಾರ ಗಂಗಮ್ಮ ಗಾಬರಿಯಿಂದ ಕರೆ ಮಾಡಿದ್ದರು: “ಎರಡು ದಿನದಿಂದ ಕಾಲೇಜಿಗೆ ಹೋಗಿಲ್ಲ ಮೇಡಂ.” ವಿಚಾರಿಸಿದೆ. ಊರ ಜಾತ್ರೆಯಂತೆ. ಏಳೂವರೆಯ ಬಸ್ಸೇ ಬಂದಿರಲಿಲ್ಲ.