ಇಲ್ಲದ ರೋಗಿಗಳ ಮೇಲೆ ಸಂಶೋಧನೆ: ಸಂಪಾದಕರ ಉತ್ತರ

ಮಾನ್ಯರೇ,

ಸಂಶ್ಲೇಷಿತ ದತ್ತಾಂಶವನ್ನು, ಎಂದರೆ ಅಸಲಿ ದಾಖಲೆಗಳ ಬದಲಿಗೆ ಕಂಪ್ಯೂಟರು ತಯಾರಿಸಿಕೊಟ್ಟ ಮಾಹಿತಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. ತಮ್ಮ ಆಕ್ಷೇಪಗಳು ಎರಡು. ಕಂಪ್ಯೂಟರು ಹೆಣೆದ, ಹುಟ್ಟಿಯೇ ಇರದ ರೋಗಿಗಳ ದಾಖಲೆಗಳನ್ನಿಟ್ಟುಕೊಂಡು ಮಾಡಿದ ಅಧ್ಯಯನವನ್ನು ಸಂಶೋಧನೆ ಎನ್ನುವುದಾದರೂ ಹೇಗೆ, ಅದು ನಕಲಿ ದತ್ತಾಂಶವಲ್ಲವೇ ಎಂಬುದು ಮೊದಲನೆಯದು. ನಿಜವಾದ ವ್ಯಕ್ತಿಯೇ ಇಲ್ಲದಿರುವುದರಿಂದ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ನೀತಿ ಸಮಿತಿಯ ಅನುಮತಿ ಬೇಕಿಲ್ಲ ಎಂದು ಲೇಖನದಲ್ಲಿ ಹೇಳಿದ್ದು ಸರಿಯೇ ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಚಿಕ್ಕದು: ಆ ಮಾತು ಸರಿಯಲ್ಲ, ಅದನ್ನು ಹಾಗೆಯೇ ಅಚ್ಚಿಗೆ ಬಿಟ್ಟದ್ದು ನಮ್ಮ ತಪ್ಪು. ಏಕೆ ಸರಿಯಲ್ಲ ಎಂದು ಹೇಳಬೇಕಾದರೆ ಮಾತ್ರ ಮೊದಲನೆಯದರಿಂದಲೇ ಹೊರಡಬೇಕಾಗುತ್ತದೆ.

ನಕಲಿ ನೋಟು ತಾನು ಅಸಲಿ ಎಂದು ಹೇಳಿಕೊಂಡು ಚಲಾವಣೆಗೆ ಬರುತ್ತದೆ. ಸಂಶ್ಲೇಷಿತ ದತ್ತಾಂಶವಾದರೋ ತಾನು ಅಸಲಿಯಲ್ಲ ಎಂಬ ಹಣೆಪಟ್ಟಿ ಕಟ್ಟಿಕೊಂಡೇ ಹೊರಗೆ ಬರಬೇಕು. ಪಟ್ಟಿ ಕಳಚಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ನೇತ್ರವಿಜ್ಞಾನದ ಸಂಶೋಧಕರ ತಂಡವೊಂದು ಎಚ್ಚರಿಕೆಗೆಂದೇ ಮಾಡಿ ತೋರಿಸಿತು. ಎರಡು ಬಗೆಯ ಕಾರ್ನಿಯಾ ಕಸಿಯನ್ನು ಹೋಲಿಸುವ, ಎಂದೂ ನಡೆಯದ ಪ್ರಯೋಗವೊಂದರ ಅಂಕಿಅಂಶಗಳನ್ನು ಅದು ಜಿಪಿಟಿ-4 ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿತು. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಂಡಿತು. ಪರಿಣತರು ಸಾಲು ಸಾಲಾಗಿ ನೋಡಿದಾಗ, ಎಷ್ಟೋ ಹೆಸರುಗಳಿಗೂ ಎದುರಿಗೆ ನಮೂದಾದ ಲಿಂಗಕ್ಕೂ ಹೊಂದಿಕೆಯಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲಿನ ದೃಷ್ಟಿಯ ಅಳತೆಗೂ ಆಮೇಲಿನ ಅಳತೆಗೂ ಸಂಬಂಧವೇ ಕಾಣಲಿಲ್ಲ. ವಯಸ್ಸಿನ ಅಂಕಿಗಳಲ್ಲಿ 7 ಅಥವಾ 8ರಲ್ಲಿ ಮುಗಿಯುವವು ಅತಿಯಾಗಿದ್ದವು. ತಾವು ‘ನಕಲಿ’ ಎಂದದ್ದು ಇಂಥದಕ್ಕೆ ಸಲ್ಲುತ್ತದೆ. ಇನ್ನಷ್ಟು ನಾಜೂಕಾಗಿ ಹೆಣೆದದ್ದನ್ನು ಹೀಗೆ ಹಿಡಿಯುವುದು ಸುಲಭವಲ್ಲ ಎಂಬ ತಮ್ಮ ಆತಂಕವನ್ನು ನಾನು ತಳ್ಳಿಹಾಕಲಾರೆ.

ಆದರೆ ಸಂಶ್ಲೇಷಿತ ದತ್ತಾಂಶ ಹುಟ್ಟಿದ್ದು ಮೋಸಕ್ಕಲ್ಲ. ಸಮೀಕ್ಷೆಗೆ ಉತ್ತರ ಕೊಟ್ಟವರ ಗುಟ್ಟನ್ನು ಕಾಯುತ್ತಲೇ ದಾಖಲೆಗಳನ್ನು ಸಂಶೋಧಕರ ಕೈಗೆ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1993ರಲ್ಲಿ ಈ ದಾರಿಯನ್ನು ಸೂಚಿಸಿದರು. ಅಸಲಿ ದಾಖಲೆಗಳಲ್ಲಿನ ಸಂಬಂಧಗಳನ್ನು ಒಂದು ಗಣಿತದ ಮಾದರಿ (ಮಾಡೆಲ್) ಕಲಿತು, ಅದರಿಂದ ಹೊಸ ಸಾಲುಗಳನ್ನು ಹೊರತೆಗೆಯುತ್ತದೆ. ಹೊರಗೆ ಕೊಡುವುದು ಆ ಸಾಲುಗಳನ್ನು ಮಾತ್ರ. ಅಮೆರಿಕದ ಜನಗಣತಿ ಸಂಸ್ಥೆ ತನ್ನ ಸಮೀಕ್ಷೆಯನ್ನು ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ದಾಖಲೆಗಳೊಂದಿಗೆ ಜೋಡಿಸಿ ಇಂಥ ಕಡತವೊಂದನ್ನು ಸಿದ್ಧಪಡಿಸಿತು. ಅದರ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೊಂದಿದೆ: ಸಂಶೋಧಕರು ಸಂಶ್ಲೇಷಿತ ಕಡತದ ಮೇಲೆ ಪ್ರೋಗ್ರಾಮು ಬರೆದು ಒಪ್ಪಿಸಿದರೆ, ಸಂಸ್ಥೆಯೇ ಅದನ್ನು ಒಳಗಿನ ಅಸಲಿ ದತ್ತಾಂಶದ ಮೇಲೆ ಓಡಿಸಿ, ಗುಟ್ಟು ಸೋರದಂತೆ ಪರಿಶೀಲಿಸಿ ಫಲಿತಾಂಶವನ್ನು ಕೊಡುತ್ತಿತ್ತು. ತಾಲೀಮು ಹೊರಗೆ, ಪ್ರದರ್ಶನ ಒಳಗೆ. ಸಂಶ್ಲೇಷಿತ ದತ್ತಾಂಶದ ಅತ್ಯುತ್ತಮ ಬಳಕೆ ಇದೇ ಎಂದು ನಾನು ಭಾವಿಸುತ್ತೇನೆ. ಅನುಮತಿಗಾಗಿ ತಿಂಗಳುಗಟ್ಟಲೆ ಕಾಯುವ ವಿದ್ಯಾರ್ಥಿ ಅಷ್ಟರೊಳಗೆ ತನ್ನ ಪ್ರೋಗ್ರಾಮನ್ನು ಬರೆದು ತಿದ್ದಿಕೊಳ್ಳಬಹುದು, ಅಧ್ಯಾಪಕರು ಯಾರ ರೋಗವನ್ನೂ ಬಯಲು ಮಾಡದೆ ಪಾಠ ಹೇಳಬಹುದು.

ಕೊನೆಯ ಉತ್ತರವನ್ನೂ ಸಂಶ್ಲೇಷಿತ ಕಡತದಿಂದಲೇ ಪಡೆಯಹೊರಟಾಗ ತೊಡಕು ಶುರುವಾಗುತ್ತದೆ. ‘ಸರಾಸರಿಗಳೆಲ್ಲ ಅಸಲಿಗೆ ತಾಳೆಯಾಗುತ್ತವೆ’ ಎಂಬ ಸಮರ್ಥನೆ ನಮಗೆ ಬರುವ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆದರೆ ಸರಾಸರಿ ತಾಳೆಯಾದರೆ ಸಾಲದು. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕಂಬ್ 1973ರಲ್ಲಿ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಗುಂಪುಗಳನ್ನು ಮುಂದಿಟ್ಟರು. ನಾಲ್ಕರಲ್ಲೂ ಸರಾಸರಿ, ಚದುರುವಿಕೆ, ಸಹಸಂಬಂಧ ಹೆಚ್ಚುಕಡಿಮೆ ಒಂದೇ. ನಕ್ಷೆ ಬರೆದು ನೋಡಿದರೆ ಒಂದು ಸರಳರೇಖೆಯ ಆಚೀಚೆ ಹರಡಿದೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಮತ್ತೊಂದರಲ್ಲಿ ಇಡೀ ಸಂಬಂಧವನ್ನು ಒಂಟಿ ಬಿಂದುವೊಂದು ಹೊತ್ತು ನಿಂತಿದೆ. ಮಾದರಿಯನ್ನು ಕಟ್ಟಿದವರು ಯಾವ ಸಂಬಂಧಗಳನ್ನು ಉಳಿಸಿಕೊಳ್ಳಲು ಹೊರಟಿದ್ದರೋ ಅವುಗಳ ಬಗ್ಗೆ ಮಾತ್ರ ಸಂಶ್ಲೇಷಿತ ಕಡತವನ್ನು ನೆಚ್ಚಿಕೊಳ್ಳಬಹುದು. ಅವರಿಗೆ ಹೊಳೆಯದ ಸಂಬಂಧವನ್ನು ಅದರಲ್ಲಿ ಹುಡುಕುವುದು ಬಾವಿಗೆ ಇಳಿಸದ ಕೊಡದಲ್ಲಿ ನೀರು ಹುಡುಕಿದಂತೆ.

ಈಗ ತಮ್ಮ ಎರಡನೆಯ ಪ್ರಶ್ನೆ. ಹೆಸರನ್ನು ಅಳಿಸಿದರೆ ವ್ಯಕ್ತಿ ಮರೆಯಾಗುವುದಿಲ್ಲ ಎಂಬುದು ಹಳೆಯ ಪಾಠ: ಹುಟ್ಟಿದ ದಿನಾಂಕ, ಲಿಂಗ, ಅಂಚೆ ವಲಯದ ಸಂಖ್ಯೆ, ಈ ಮೂರರಿಂದಲೇ ಅಮೆರಿಕದ ಜನರಲ್ಲಿ ಸುಮಾರು ಶೇ 87ರಷ್ಟು ಮಂದಿಯನ್ನು ಬೇರೆಯಾಗಿ ಗುರುತಿಸಬಹುದೆಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ಅಂದಾಜು ಮಾಡಿದ್ದರು. ಸಂಶ್ಲೇಷಿತ ಸಾಲಿಗೆ ಒಬ್ಬನೇ ಒಡೆಯ ಇಲ್ಲ, ನಿಜ. ಆದರೆ ರೋಗಿಗಳ ಕಡತವೊಂದರಲ್ಲಿ ತೊಂಬತ್ತು ದಾಟಿದ, ಅತಿ ವಿರಳವಾದ ಕಾಯಿಲೆಯ ಮಹಿಳೆ ಒಬ್ಬರೇ ಇದ್ದಾರೆ ಎಂದುಕೊಳ್ಳಿ. ಆ ವಯಸ್ಸು, ಆ ಕಾಯಿಲೆ ಒಟ್ಟಾಗಿ ಬರುವುದನ್ನು ಮಾದರಿ ಕಲಿತದ್ದು ಅವರೊಬ್ಬರಿಂದಲೇ. ಅಂಥದೇ ಸಾಲು ಹೊರಬಂದರೆ ಅದು ಅವರದೇ ನೆರಳು. ಬರದಂತೆ ತಡೆದರೆ, ಅಂಥ ರೋಗಿಗಳನ್ನೇ ಅರಸುತ್ತಿದ್ದ ಸಂಶೋಧಕರಿಗೆ ಕಡತ ನಿರುಪಯುಕ್ತ. ಗುಂಪಿನಿಂದ ದೂರ ನಿಂತ ಇಂಥವರನ್ನು ಸಂಶ್ಲೇಷಿತ ದತ್ತಾಂಶ ನೆಚ್ಚುವಂತೆ ಕಾಯುವುದಿಲ್ಲ ಎಂಬುದನ್ನು 2022ರಲ್ಲಿ ಸಂಶೋಧಕಿ ಥೆರೆಸಾ ಸ್ಟಾಡ್ಲರ್ ಮತ್ತು ಸಂಗಡಿಗರು, ಕಡತದ ಹಿಂದಿನ ವ್ಯಕ್ತಿಗಳ ಗುಟ್ಟನ್ನು ಬಿಡಿಸಲು ಯತ್ನಿಸುವ ದಾಳಿಗಳನ್ನು ನಡೆಸಿಯೇ ತೋರಿಸಿದ್ದಾರೆ. ಒಬ್ಬರು ಕಡತದಲ್ಲಿ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದು ಮಿತಿಯನ್ನು ಮೀರಿ ಬದಲಾಗದಂತೆ ನೋಡಿಕೊಳ್ಳುವ ಗಣಿತ 2006ರಿಂದ ಇದೆ. ಡಿಫರೆನ್ಷಿಯಲ್ ಪ್ರೈವಸಿ ಎಂದು ಅದರ ಹೆಸರು. ಅದಕ್ಕೂ ಬೆಲೆ ತೆರಬೇಕು: ರಕ್ಷಣೆ ಬಿಗಿಯಾದಷ್ಟೂ ಅಂಕಿಗಳು ಮಸುಕಾಗುತ್ತವೆ. ಎಷ್ಟು ಮಸುಕು ಸಾಕು ಎಂಬ ತೀರ್ಮಾನ ಗಣಿತದ್ದಲ್ಲ, ಮನುಷ್ಯರದ್ದು.

ಹಾಗಾಗಿ ಅನುಮತಿ ಬೇಕೋ ಬೇಡವೋ ಎಂದು ಕೇಳುವ ಮೊದಲು ಆ ಕಡತದ ಜಾತಕವನ್ನು ನೋಡಬೇಕು. ಸಿಂಥಿಯಾ ಎಂಬ ತಂತ್ರಾಂಶ ಪ್ರಕಟಿತ ಆರೋಗ್ಯ ಅಂಕಿಅಂಶ ಮತ್ತು ಚಿಕಿತ್ಸಾ ಮಾರ್ಗಸೂಚಿಗಳ ಆಧಾರದ ಮೇಲೆ ಕಲ್ಪಿತ ರೋಗಿಗಳ ಜೀವನವನ್ನು ಹುಟ್ಟಿನಿಂದ ಸಾವಿನವರೆಗೆ ನಡೆಸುತ್ತದೆ. ಯಾವ ರೋಗಿಯ ಕಡತವನ್ನೂ ಅದು ಬಿಚ್ಚುವುದಿಲ್ಲ. ಅಲ್ಲಿ ನಮ್ಮ ಲೇಖಕರ ಮಾತು ಒಪ್ಪುತ್ತದೆ. ಆಸ್ಪತ್ರೆಯ ದಾಖಲೆಗಳಿಂದ ಕಲಿತ ಮಾದರಿಯ ವಿಷಯ ಬೇರೆ. ಅದಕ್ಕೆ ಉಣಿಸಿದ್ದು ನಿಜವಾದ ಜನರ ಮಾಹಿತಿ. ಉಣಿಸುವ ಹಕ್ಕು ಇತ್ತೇ ಎಂಬುದನ್ನು ಸಮಿತಿ ಆ ಹಂತದಲ್ಲೇ ಕೇಳಬೇಕು. ಲೇಖನದಲ್ಲಿ ವಿವರಿಸಿದ ಅಧ್ಯಯನ ಈ ಎರಡನೆಯ ಜಾತಿಯದು.

ಯಂತ್ರ ಬರೆದದ್ದನ್ನೇ ಯಂತ್ರಕ್ಕೆ ಮತ್ತೆ ಮತ್ತೆ ಉಣಿಸಿದರೆ ವಿರಳವಾದ ಸಂಗತಿಗಳು ತಲೆಮಾರಿನಿಂದ ತಲೆಮಾರಿಗೆ ಅಳಿಯುತ್ತವೆ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನೂ ತಾವು ಪ್ರಸ್ತಾಪಿಸಿದ್ದೀರಿ. ಅದು ಮುಖ್ಯವಾದುದೇ, ಆದರೆ ಒಮ್ಮೆ ತಯಾರಿಸಿ, ಗುರುತು ಹಚ್ಚಿ ಬದಿಗಿಟ್ಟ ಕಡತಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಗುರುತಿಲ್ಲದ ಕಡತ ಇನ್ನೊಬ್ಬರ ಅಸಲಿ ದತ್ತಾಂಶದೊಳಗೆ ಸೇರಿಹೋದಾಗ ಅನ್ವಯಿಸುತ್ತದೆ.

ಮುಂದಿನ ಸಂಚಿಕೆಯಿಂದ, ಸಂಶ್ಲೇಷಿತ ದತ್ತಾಂಶವನ್ನು ಬಳಸಿದ ಲೇಖಕರು ಮೂಲ ಕಡತ ಯಾವುದು, ಅದರ ಬಳಕೆಗೆ ಅನುಮತಿ ಕೊಟ್ಟವರು ಯಾರು, ಮಾದರಿ ಉಳಿಸಿಕೊಂಡ ಸಂಬಂಧಗಳು ಯಾವುವು, ಮುಖ್ಯ ಫಲಿತಾಂಶವನ್ನು ಅಸಲಿಯ ಮೇಲೆ ಪರೀಕ್ಷಿಸಿದ್ದಾರೆಯೇ ಎಂಬುದನ್ನು ಬರೆದುಕೊಡದೆ ಲೇಖನವನ್ನು ನಾವು ಪರಿಶೀಲನೆಗೆ ತೆಗೆದುಕೊಳ್ಳುವುದಿಲ್ಲ. ನೀತಿ ಸಮಿತಿಯ ಕುರಿತ ಆ ವಾಕ್ಯಕ್ಕೆ ತಿದ್ದುಪಡಿಯನ್ನು ಅದೇ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಮಾಡುತ್ತೇವೆ.

ಇಂತಿ,
ಸಂಪಾದಕ